ಸಿಹಿಗೂ ಒಂದು ದಿನ ಬೇಕು

ಕಬ್ಬಿನ ಸೀಮೆಯವರ ಮುಂದೆ ಸಿಹಿಯ ಮಾತೆತ್ತುವುದು ಕಡಲ ದಂಡೆಯವರಿಗೆ ಉಪ್ಪು ಮಾರಹೋದಂತೆ. ಮುಧೋಳ ತಾಲ್ಲೂಕಿನ ತಿಮ್ಮಾಪುರವೆಂದೊಡನೆ ಈ ಭಾಗದ ಜನರಿಗೆ ನೆನಪಾಗುವುದು ಅಲ್ಲಿನ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ, ಕವಿಚಕ್ರವರ್ತಿ ರನ್ನನ ಹೆಸರು ಹೊತ್ತ ರನ್ನನಗರ. ಘಟಪ್ರಭೆಯ ನೀರುಂಡ ಹೊಲಗಳಲ್ಲಿ ಆಳೆತ್ತರದ ಕಬ್ಬು, ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಅತ್ತ ಮಹಾಲಿಂಗಪುರದಲ್ಲಿ ಹೆಸರಾದ ಬೆಲ್ಲದ ಪೇಟೆ. ಇಂಥ ನೆಲದಲ್ಲಿ ನಿಂತು ‘ಸಿಹಿ ಇರುವುದು ಏತಕ್ಕಾಗಿ?’ ಎಂದು ಕೇಳಿದರೆ ನಗುವವರೇ ಹೆಚ್ಚು. ಆದರೆ ಯಾವುದು ನಮ್ಮ ಕೈಯಳತೆಯಲ್ಲಿ ಹೇರಳವಾಗಿರುತ್ತದೆಯೋ ಅದರ ಅರ್ಥವನ್ನೇ ನಾವು ಮೊದಲು ಮರೆಯುತ್ತೇವೆ. ಆದುದರಿಂದ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಒಂದು ಸ್ವಾರಸ್ಯವನ್ನು ಓದುಗರು ಗಮನಿಸಿರಬಹುದು. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಆರಂಭವಾಗಿ ಬೇಸಗೆಯ ಹೊಸ್ತಿಲಿನಲ್ಲಿ ಮುಗಿಯುತ್ತದೆ. ಧರ್ಮಸಭೆಯ ಪಂಚಾಂಗದಲ್ಲಿಯೂ ಅದೇ ಅವಧಿಯಲ್ಲಿ ಆಗಮನಕಾಲ, ಕ್ರಿಸ್ತಜಯಂತಿ, ಬೂದಿ ಬುಧವಾರ, ತಪಸ್ಸುಕಾಲಗಳು ಒಂದರ ಹಿಂದೊಂದು ಬರುತ್ತವೆ. ಗಾಣದ ಋತುವೂ ಉಪವಾಸ ಮತ್ತು ಹಬ್ಬಗಳ ಋತುವೂ ಇಲ್ಲಿ ಜೊತೆಯಾಗಿ ಸಾಗುತ್ತವೆ. ಈ ಅವಧಿಯೊಳಗೇ ಬೀಳುವ ಮೂರು ದಿನಗಳನ್ನು ಒಂದು ದೂರದ ದೇಶ ಮೂರು ಸಿಹಿತಿಂಡಿಗಳಿಂದ ಇಂದಿಗೂ ಗುರುತಿಸುತ್ತದೆ. ಆ ದೇಶ ಯುರೋಪಿನ ಉತ್ತರದಂಚಿನ ಸ್ವೀಡನ್. ಅಲ್ಲಿ ಕಬ್ಬಿಲ್ಲ, ಏಲಕ್ಕಿಯಿಲ್ಲ, ಬಿಸಿಲೂ ಅಷ್ಟಿಲ್ಲ. ಆದರೂ ಆ ತಿಂಡಿಗಳ ಕಥೆ ನಮ್ಮ ಅಡುಗೆಮನೆಗೆ ಹಿಡಿದ ಕನ್ನಡಿಯಂತಿದೆ.

ಹೆಸರುಗಳ ಯಾತ್ರೆ

ಮೊದಲು ಹೆಸರುಗಳನ್ನು ನೋಡೋಣ. ಸಂಸ್ಕೃತದ ‘ಶರ್ಕರಾ’ ನಮ್ಮ ನಾಲಿಗೆಯಲ್ಲಿ ಸಕ್ಕರೆಯಾಯಿತು. ಅದೇ ಪದ ಪಾರಸಿಯ ‘ಶಕರ್’ ಆಗಿ, ಅರಬ್ಬಿಯ ‘ಸುಕ್ಕರ್’ ಆಗಿ, ಯುರೋಪಿನ ಭಾಷೆಗಳನ್ನು ಹಾದು ಸ್ವೀಡನ್ನಿನಲ್ಲಿ ‘ಸೊಕ್ಕೆರ್’ ಎನಿಸಿತು. ನಮ್ಮ ‘ಪಿಪ್ಪಲಿ’ ಅಲ್ಲಿ ‘ಪೆಪ್ಪಾರ್’. ಕ್ರಿಸ್ತಜಯಂತಿಗೆ ಅಲ್ಲಿನವರು ಸುಡುವ ಶುಂಠಿ, ದಾಲ್ಚಿನ್ನಿ, ಲವಂಗಗಳ ತೆಳುವಾದ ಬಿಸ್ಕತ್ತಿಗೆ ‘ಪೆಪ್ಪಾರ್‌ಕಾಕೋರ್’, ಅಂದರೆ ಮೆಣಸಿನ ರೊಟ್ಟಿಗಳು, ಎಂದೇ ಹೆಸರು. ಶುಂಠಿಯನ್ನು ಅವರು ಕರೆಯುವ ಪದದ ಬೇರು ಕೂಡ ಸಂಸ್ಕೃತದ ‘ಶೃಂಗವೇರ’ದಲ್ಲಿದೆ. ಹೀಗೆ ಹಿಮದ ನಾಡಿನ ಹಬ್ಬದ ತಟ್ಟೆಯೊಂದು ನಮ್ಮ ನೆಲದ ಹೆಸರುಗಳನ್ನು ಹೊತ್ತುಕೊಂಡಿದೆ.

ಹೆಸರು ಹೋದಷ್ಟು ಸುಲಭವಾಗಿ ಪದಾರ್ಥ ಹೋಗಲಿಲ್ಲ. ಬಹುಕಾಲ ಅಲ್ಲಿ ಜೇನು ಮಾತ್ರ ಜನಸಾಮಾನ್ಯರ ಸಿಹಿಯಾಗಿತ್ತು. ಹಡಗಿನಲ್ಲಿ ಬರುತ್ತಿದ್ದ ಸಕ್ಕರೆ ಸಿರಿವಂತರ ಸೊತ್ತು. 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಬೀಟ್ ಗಡ್ಡೆಯಲ್ಲಿರುವುದೂ ಕಬ್ಬಿನ ಸಕ್ಕರೆಯೇ ಎಂದು ತೋರಿಸಿಕೊಟ್ಟ ಮೇಲೆ, ಮುಂದಿನ ಶತಮಾನದಲ್ಲಿ ಬೀಟಿನ ಸಕ್ಕರೆ ಯುರೋಪಿನ ಮನೆಮನೆಗೆ ಬಂದಿತು. ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತದಲ್ಲಿ ಈಗಲೂ ಬೀಟ್ ಬೆಳೆಯುತ್ತಾರೆ. ಆ ರೈತನೂ ತಿಮ್ಮಾಪುರದ ರೈತನೂ ಒಂದೇ ಸಿಹಿಯನ್ನು ಎರಡು ಬೇರೆ ಬೇರೆ ಗಿಡಗಳಿಂದ ಹಿಂಡುವ ಒಕ್ಕಲಿಗರು.

ಮೂರು ದಿನ, ಮೂರು ತಿಂಡಿ

ಮೊದಲನೆಯ ದಿನ ಡಿಸೆಂಬರ್ 13, ಸಂತ ಲೂಸಿಯಳ ಸ್ಮರಣೆ. ಸಿಸಿಲಿಯ ಸಿರಾಕ್ಯೂಸ್ ನಗರದ ಈ ಕನ್ಯೆ ಕ್ರಿ.ಶ. 304ರ ಸುಮಾರಿಗೆ, ಡಯೊಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ, ರಕ್ತಸಾಕ್ಷಿಯಾದಳು. ಲತೀನಿನಲ್ಲಿ ‘ಲುಕ್ಸ್’ ಎಂದರೆ ಬೆಳಕು. ಹಳೆಯ ಪಂಚಾಂಗದ ಲೆಕ್ಕದಲ್ಲಿ ಈಕೆಯ ಹಬ್ಬದ ರಾತ್ರಿಯೇ ವರ್ಷದ ಅತಿ ದೀರ್ಘ ರಾತ್ರಿಯೆಂದು ಎಣಿಸುತ್ತಿದ್ದರು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ಹೊಡೆಯುವ ಮುನ್ನವೇ ಸೂರ್ಯ ಮುಳುಗುವ ಸ್ಟಾಕ್‌ಹೋಮಿನಂಥ ಊರಿನಲ್ಲಿ ಬೆಳಕಿನ ಹೆಸರಿನ ಸಂತಳು ಎಷ್ಟು ಪ್ರಿಯಳಾಗಿರಬಹುದು! ಆ ಮುಂಜಾನೆ ಬಿಳಿಯ ಉಡುಪು ತೊಟ್ಟು, ನಡುವಿಗೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ದೀಪಗಳ ಕಿರೀಟ ಧರಿಸಿದ ಬಾಲೆಯೊಬ್ಬಳು ಕೇಸರಿ ಹಾಕಿದ ಹಳದಿ ರೊಟ್ಟಿಗಳನ್ನು ಹಂಚುತ್ತಾಳೆ. ಇವು ‘ಲುಸ್ಸೆಕಟ್’ಗಳು. ನಾದಿದ ಹಿಟ್ಟನ್ನು ಹುರಿಯಂತೆ ಹೊಸೆದು ಎರಡು ತುದಿಗಳನ್ನೂ ಎದುರುಬದುರಾಗಿ ಸುರುಳಿ ಸುತ್ತಿ, ಒಂದೊಂದು ಸುರುಳಿಯ ನಡುವೆಯೂ ಒಂದು ಒಣದ್ರಾಕ್ಷಿ ಒತ್ತಿ ಸುಡುತ್ತಾರೆ. ಕೆಂಪು ಪಟ್ಟಿ ರಕ್ತಸಾಕ್ಷ್ಯದ ಗುರುತು.

ಎರಡನೆಯದು ಬೂದಿ ಬುಧವಾರದ ಹಿಂದಿನ ಮಂಗಳವಾರ. ಸ್ವೀಡನ್ನಿನವರು ಇದನ್ನು ‘ಕೊಬ್ಬಿನ ಮಂಗಳವಾರ’ ಎಂದು ಕರೆಯುತ್ತಾರೆ. ಮಧ್ಯಯುಗದಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸವೊಂದೇ ಅಲ್ಲದೆ ಹಾಲು, ಬೆಣ್ಣೆ, ಮೊಟ್ಟೆಗಳೂ ವರ್ಜ್ಯವಾಗಿದ್ದವು. ಮನೆಯಲ್ಲಿ ಉಳಿದುದನ್ನು ಉಪವಾಸದ ಮುನ್ನಾದಿನ ತಿಂದು ಮುಗಿಸಬೇಕಿತ್ತು. ಆ ದಿನದ ತಿಂಡಿ ‘ಸೆಮ್ಲಾ’. ಏಲಕ್ಕಿ ಹಾಕಿದ ಗೋಧಿಯ ಬನ್ನಿನ ತಲೆಯನ್ನು ಕತ್ತರಿಸಿ, ಒಳಗನ್ನು ತುಸು ತೋಡಿ, ಬಾದಾಮಿಯ ಹೂರಣವನ್ನೂ ಕಡೆದ ಕೆನೆಯನ್ನೂ ತುಂಬಿ, ಕತ್ತರಿಸಿದ ತಲೆಯನ್ನೇ ಮುಚ್ಚಳ ಮಾಡಿ, ಮೇಲೆ ಸಕ್ಕರೆಪುಡಿ ಉದುರಿಸುತ್ತಾರೆ. ಹಿಂದೆ ಇದನ್ನು ಬಿಸಿಹಾಲಿನ ಬಟ್ಟಲಲ್ಲಿ ಮುಳುಗಿಸಿ ತಿನ್ನುತ್ತಿದ್ದರು. ‘ಸೆಮ್ಲಾ’ ಎಂಬ ಪದದ ಮೂಲ ನಯವಾದ ಹಿಟ್ಟು ಎಂಬರ್ಥದ ಲತೀನಿನ ‘ಸಿಮಿಲಾ’. ರವೆಗೆ ಇಂಗ್ಲಿಷಿನಲ್ಲಿ ಹೇಳುವ ‘ಸೆಮೊಲಿನಾ’ವೂ ಅದೇ ಬೇರಿನ ಚಿಗುರು. ನಮ್ಮ ಮನೆಯ ಶಿರಾ ಮತ್ತು ಅವರ ಸೆಮ್ಲಾ ಹೀಗೆ ದೂರದ ದಾಯಾದಿಗಳು.

ಮೂರನೆಯದು ಮಾರ್ಚ್ 25, ಮಂಗಳವಾರ್ತೆಯ ಹಬ್ಬ. ಗಬ್ರಿಯೇಲ ದೂತನು ಕನ್ಯಾಮರಿಯಮ್ಮನವರಿಗೆ ಶುಭವಾರ್ತೆ ತಂದ ಈ ದಿನಕ್ಕೆ ಸ್ವೀಡನ್ನಿನಲ್ಲಿ ‘ನಮ್ಮ ಅಮ್ಮನವರ ದಿನ’ ಎಂಬರ್ಥದ ‘ವೋರ್‌ಫ್ರೂದಾಗೆನ್’ ಎಂಬ ಹೆಸರಿತ್ತು. ಆಡುಮಾತಿನಲ್ಲಿ ಅದು ಸವೆದು ಸವೆದು ‘ವೋಫ್ಫೆಲ್‌ದಾಗೆನ್’ ಆಯಿತು. ಆ ಪದಕ್ಕೆ ಬೇರೆಯೇ ಅರ್ಥ: ವಾಫೆಲ್ ತಿಂಡಿಯ ದಿನ! ಕಾಯಿಸಿದ ಎರಡು ಕಬ್ಬಿಣದ ಅಚ್ಚುಗಳ ನಡುವೆ ಹಿಟ್ಟು ಹೊಯ್ದು ಒತ್ತಿ ಸುಡುವ ಆ ತಿಂಡಿಯನ್ನು ಅಂದು ಕೆನೆ ಮತ್ತು ಹಣ್ಣಿನ ಪಾಕದೊಡನೆ ತಿನ್ನುತ್ತಾರೆ. ದೇವಮಾತೆಯ ಹೆಸರು ಜನರ ಬಾಯಲ್ಲಿ ತಿಂಡಿಯ ಹೆಸರಾಗಿ ಹೋಯಿತು. 1953ರಲ್ಲಿ ಅಲ್ಲಿನವರು ಮಂಗಳವಾರ್ತೆಯ ರಜೆಯನ್ನು ತೆಗೆದು ಹಬ್ಬವನ್ನು ಸಮೀಪದ ಭಾನುವಾರಕ್ಕೆ ಸರಿಸಿದರು. ತಿಂಡಿಯ ದಿನ ಮಾತ್ರ ಮಾರ್ಚ್ 25ರಿಂದ ಕದಲಲಿಲ್ಲ.

ಒಲೆ ಉಳಿಸಿಕೊಂಡದ್ದು, ಕಳೆದುಕೊಂಡದ್ದು

ಇದೇಕೆ ಹೀಗಾಯಿತು? 1527ರಲ್ಲಿ ಗುಸ್ತಾವ್ ವಾಸಾ ದೊರೆ ವೆಸ್ಟೆರೋಸಿನ ಸಭೆಯಲ್ಲಿ ಧರ್ಮಸಭೆಯ ಆಸ್ತಿಯನ್ನು ಅರಸೊತ್ತಿಗೆಗೆ ಸೇರಿಸಿಕೊಂಡನು. 1593ರ ಉಪ್ಸಾಲಾ ಸಭೆಯಲ್ಲಿ ಲೂಥರನ ಮತವು ರಾಜ್ಯದ ಮತವಾಗಿ ಗಟ್ಟಿಯಾಯಿತು. ಸಂತರ ಭಕ್ತಿ ಮರೆಯಾಯಿತು, ಕಡ್ಡಾಯ ಉಪವಾಸ ಹೋಯಿತು, ಮಠಗಳು ಬರಿದಾದವು. ಮಠಗಳನ್ನು ಸ್ಥಾಪಿಸುವ ಸ್ವಾತಂತ್ರ್ಯ ಅಲ್ಲಿ ಮರಳಿ ದೊರೆತದ್ದು 1951ರ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯಿಂದ. ಮತಸುಧಾರಣೆಯ ನಂತರ ಸ್ವೀಡಿಷ್ ಮೂಲದ ಮೊದಲ ಕಥೋಲಿಕ ಬಿಷಪರಾಗಿ ಕಾರ್ಮೆಲ್ ಸಭೆಯ ಆಂಡರ್ಸ್ ಅರ್ಬೊರೇಲಿಯುಸ್ ಅಭಿಷಿಕ್ತರಾದದ್ದು 1998ರಲ್ಲಿ. 2017ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಅವರನ್ನು ಕಾರ್ಡಿನಲ್ ಪದವಿಗೇರಿಸಿದರು. ನಡುವಿನ ನಾಲ್ಕು ಶತಮಾನಗಳಲ್ಲಿ ಲೂಸಿಯಳನ್ನೂ ತಪಸ್ಸುಕಾಲದ ಹೊಸ್ತಿಲನ್ನೂ ಮರಿಯಮ್ಮನವರ ದಿನವನ್ನೂ ಜನಸಾಮಾನ್ಯರ ನೆನಪಿನಲ್ಲಿ ಕಾಪಾಡಿದವರಲ್ಲಿ ಅಡುಗೆಮನೆಯ ತಾಯಂದಿರೂ ಸೇರಿದ್ದಾರೆ. ಪೀಠದಿಂದ ಇಳಿದ ಸಂತರು ಒಲೆಯ ಬಳಿ ಆಶ್ರಯ ಪಡೆದರೆಂದರೂ ಸಲ್ಲುತ್ತದೆ.

ಇದರಲ್ಲಿ ಹರ್ಷಪಡಬೇಕಾದ ಅಂಶವಿದೆ, ಆತಂಕಪಡಬೇಕಾದ ಅಂಶವೂ ಇದೆ. ಒಲೆ ದಿನವನ್ನು ಉಳಿಸಿಕೊಂಡಿತು, ದಿನದ ಕಾರಣವನ್ನು ಉಳಿಸಿಕೊಳ್ಳಲಾರದೆ ಹೋಯಿತು. ಸೆಮ್ಲಾ ಉಳಿಯಿತು, ಅದರ ಮರುದಿನ ಬರಬೇಕಾದ ಉಪವಾಸ ಉಳಿಯಲಿಲ್ಲ. ಉಪವಾಸದ ಬೇಲಿ ಬಿದ್ದ ಮೇಲೆ ತಿಂಡಿಗೆ ಎಲ್ಲೆಯೆಲ್ಲಿ? ಒಂದು ಮಂಗಳವಾರದ ಸೆಮ್ಲಾ ಮೊದಲು ತಪಸ್ಸುಕಾಲದ ಎಲ್ಲ ಮಂಗಳವಾರಗಳಿಗೆ ಹಬ್ಬಿತು. ಈಗಲಂತೂ ಕ್ರಿಸ್ತಜಯಂತಿ ಕಳೆಯುತ್ತಲೇ ಅಲ್ಲಿನ ಬೇಕರಿಗಳಲ್ಲಿ ಬಂದು ಕೂರುತ್ತದೆ. ಆಡಾಲ್ಫ್ ಫ್ರೆಡ್ರಿಕ್ ಎಂಬ ಅಲ್ಲಿನ ದೊರೆಯೊಬ್ಬನು 1771ರ ಫೆಬ್ರವರಿ 12ರಂದು, ಅದೇ ಕೊಬ್ಬಿನ ಮಂಗಳವಾರ, ಭಾರೀ ಭೋಜನದ ಕೊನೆಗೆ ಬಿಸಿಹಾಲಿನಲ್ಲಿ ನೆನೆದ ಈ ಬನ್ನನ್ನು ತಿಂದು ಆ ರಾತ್ರಿಯೇ ತೀರಿಕೊಂಡನು. ಇಂದಿಗೂ ಅಲ್ಲಿನ ಮಕ್ಕಳು ಅವನನ್ನು ನೆನೆಯುವುದು ‘ತಿಂದು ಸತ್ತ ರಾಜ’ನೆಂದೇ. ಬೂದಿ ಬುಧವಾರವನ್ನು ಕಾಣದೆ ಹೋದ ಆ ಅರಸನ ಕಥೆಯಲ್ಲಿ ನಗುವಿಗಿಂತ ಬುದ್ಧಿವಾದವೇ ಹೆಚ್ಚು.

ದೂರದವರ ಮಾತನ್ನಾಡಿ ನಾವು ಜಾರಿಕೊಳ್ಳುವಂತಿಲ್ಲ. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದರು. ಉಳಿದ ತಪಸ್ಸನ್ನು ವಿಶ್ವಾಸಿಗಳ ಪ್ರೌಢ ಮನಸ್ಸಾಕ್ಷಿಗೆ ಒಪ್ಪಿಸಬೇಕೆಂಬುದು ಅದರ ಆಶಯವಾಗಿತ್ತು. ಆದರೆ ಮನಸ್ಸಾಕ್ಷಿಗೆ ಒಪ್ಪಿಸಿದ್ದನ್ನು ಮರೆವಿಗೆ ಒಪ್ಪಿಸಿದವರು ನಮ್ಮಲ್ಲಿಯೂ ಕಡಿಮೆಯಿಲ್ಲ. ಹಿಂದೆ ಕ್ರಿಸ್ತಜಯಂತಿಯ ಮುನ್ನಾದಿನ ಉಪವಾಸದ ದಿನವಾಗಿತ್ತೆಂಬುದನ್ನು ಇಂದಿನ ಎಷ್ಟು ಮನೆಗಳ ಮಕ್ಕಳು ಬಲ್ಲರು?

ಕುಸ್ವಾರಿನ ಒಳಗಿರುವ ಉಪವಾಸ

ನಮ್ಮ ಕ್ರಿಸ್ತಜಯಂತಿಯ ತಟ್ಟೆಯ ಹೆಸರೇ ಇದಕ್ಕೆ ಸಾಕ್ಷಿ. ಪೋರ್ಚುಗೀಸಿನಲ್ಲಿ ‘ಕೊನ್ಸುವಾದ’ ಎಂದರೆ ಉಪವಾಸದ ದಿನದ ಸಂಜೆ ತೆಗೆದುಕೊಳ್ಳುವ ಲಘು ಆಹಾರ. ಮುಂದೆ ಅದು ಕ್ರಿಸ್ತಜಯಂತಿಯ ಮುನ್ನಾರಾತ್ರಿಯ ಊಟಕ್ಕೆ ಹೆಸರಾಯಿತು. ಗೋವೆಯಲ್ಲಿ ಅದೇ ಪದ ಬಂಧುಬಾಂಧವರ, ನೆರೆಹೊರೆಯವರ ಮನೆಗೆ ಕಳುಹಿಸುವ ಸಿಹಿತಿಂಡಿಯ ತಟ್ಟೆಗೆ ಅಂಟಿಕೊಂಡಿತು. ಮಂಗಳೂರು ಕಥೋಲಿಕರ ‘ಕುಸ್ವಾರ್’ ಇದರ ಸೋದರ ಪದವೆಂದೇ ಬಲ್ಲವರ ಅಭಿಪ್ರಾಯ. ಅಂದರೆ ಒಂದೇ ಪದದೊಳಗೆ ಮೂರು ಸಂಗತಿಗಳು ಅಡಗಿವೆ: ಹಗಲಿನ ಹಸಿವು, ಇರುಳಿನ ಹಬ್ಬ, ನೆರೆಮನೆಯ ಪಾಲು. ಮೊದಲನೆಯದನ್ನು ಬಿಟ್ಟರೆ ಎರಡನೆಯದು ಸಪ್ಪೆ. ಮೂರನೆಯದನ್ನು ಬಿಟ್ಟರೆ ಎಲ್ಲವೂ ಹೊಟ್ಟೆಬಾಕತನ.

ಮಂಗಳೂರಿನಿಂದ, ಗೋವೆಯಿಂದ ನೌಕರಿಗೆಂದೂ ಸೇವೆಗೆಂದೂ ಈ ಕಡೆ ಬಂದ ಮನೆಗಳು ತಮ್ಮೊಡನೆ ಕುಸ್ವಾರಿನ ಅಚ್ಚುಗಳನ್ನೂ ತಂದವು. ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಗಳನ್ನು ಅರ್ಧಚಂದ್ರದ ಹಾಳೆಯೊಳಗೆ ಮಡಿಚಿ ಕರಿಯುವ ‘ನೆವ್ರ್ಯೊ’ ನಮ್ಮ ಉತ್ತರ ಕರ್ನಾಟಕದ ಕರ್ಚಿಕಾಯಿಗೆ ತೀರ ಹತ್ತಿರದ ಬಂಧು. ಫೋರ್ಕಿನ ಅಥವಾ ಬಾಚಣಿಗೆಯ ಬೆನ್ನಿನ ಮೇಲೆ ಹಿಟ್ಟಿನ ಚೂರನ್ನು ಒತ್ತಿ ಸುರುಳಿ ಮಾಡುವುದು ‘ಕಿಡ್ಯೊ’. ಇನ್ನು ‘ಕೊಕ್ಕಿಸಾಂ’ ಎಂಬ ಗುಲಾಬಿ ಹೂವಿನಾಕಾರದ ತಿಂಡಿಯಂತೂ ಸ್ವೀಡನ್ನಿನ ಕ್ರಿಸ್ತಜಯಂತಿಯ ‘ಸ್ಟ್ರೂವೋರ್’ ತಿಂಡಿಯ ಪಡಿಯಚ್ಚು. ಎರಡಕ್ಕೂ ಹೂವಿನಂತೆ ಎರಕ ಹೊಯ್ದು ಉದ್ದ ಹಿಡಿ ಕೂಡಿಸಿದ ಲೋಹದ ಅಚ್ಚು ಬೇಕು. ಅವರದು ಮೈದಾ, ಹಾಲು, ಮೊಟ್ಟೆಯ ಹಿಟ್ಟು. ನಮ್ಮದು ಅಕ್ಕಿ, ತೆಂಗಿನ ಹಾಲು, ಮೊಟ್ಟೆಯದು, ಮೇಲೆ ಎಳ್ಳಿನ ಕಾಳು. ಕೇರಳದ ‘ಅಚ್ಚಪ್ಪಂ’, ಶ್ರೀಲಂಕೆಯ ‘ಕೊಕಿಸ್’ ಇದೇ ಕುಟುಂಬದವು. ಶ್ರೀಲಂಕೆಗೆ ಆ ಹೆಸರು ಬಂದದ್ದು ಡಚ್ಚರಿಂದ.

ಕೊಕ್ಕಿಸಾಂ ಮಾಡುವ ರೀತಿಯಲ್ಲಿಯೇ ಒಂದು ಪಾಠವಿದೆ. ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಕಾದ ಅಚ್ಚನ್ನು ಹಿಟ್ಟಿನಲ್ಲಿ ಅದ್ದುವಾಗ ಅಂಚಿನವರೆಗೆ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದ ಮುಚ್ಚಿಕೊಂಡು, ಹೂವು ಅಚ್ಚನ್ನು ಬಿಟ್ಟು ಬರುವುದೇ ಇಲ್ಲ. ಕಾಯುವ ತಾಳ್ಮೆ, ಅಂಚಿನಲ್ಲಿ ನಿಲ್ಲುವ ವಿವೇಕ ಎರಡೂ ಇದ್ದರೆ ಹೂವು ತಾನಾಗಿ ಕಳಚಿ ತೇಲುತ್ತದೆ. ಸಂಯಮವೆಂಬ ಸದ್ಗುಣವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉಪಮಾನ ನಮಗೆ ತೋರದು.

ಹದಿಮೂರನೆಯ ಶತಮಾನದ ಮಹಾ ದಾರ್ಶನಿಕ ಸಂತ ಥಾಮಸ್ ಅಕ್ವೀನಾಸರು ತಮ್ಮ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ ಉಪವಾಸವನ್ನು ಚರ್ಚಿಸುವಾಗ ಒಂದು ಸಣ್ಣ ಸಂದೇಹವನ್ನೂ ಕೈಬಿಡಲಿಲ್ಲ. ಔಷಧಿಯ ಲೇಹ್ಯ ನೆಕ್ಕಿದರೆ ಉಪವಾಸ ಮುರಿಯುವುದೇ? ಅವರ ಉತ್ತರದ ಸಾರ ಇಷ್ಟು: ಲೇಹ್ಯದಿಂದ ತುಸು ಪೋಷಣೆ ದೊರೆತರೂ ಅದನ್ನು ತೆಗೆದುಕೊಳ್ಳುವುದು ಮುಖ್ಯವಾಗಿ ಜೀರ್ಣಕ್ಕಾಗಿ. ಆದುದರಿಂದ ಉಪವಾಸ ಮುರಿಯದು. ಆದರೆ ಆಹಾರದ ಬದಲಿಗೆಂದು, ಕಪಟದಿಂದ, ಹೆಚ್ಚಾಗಿ ತಿಂದರೆ ಮುರಿಯುತ್ತದೆ. ಇಲ್ಲಿ ಕಾಣುವುದು ಎಷ್ಟು ಸೂಕ್ಷ್ಮವಾದ ವಿವೇಕ! ಅವರು ಸಿಹಿಯನ್ನು ಪಾಪವೆನ್ನಲಿಲ್ಲ. ಏತಕ್ಕಾಗಿ ತಿನ್ನುತ್ತೀಯೆ, ನಿನಗೆ ನೀನೇ ಮೋಸ ಮಾಡಿಕೊಳ್ಳುತ್ತಿಲ್ಲವಷ್ಟೆ ಎಂದು ಕೇಳಿದರು. ನಾವು ಮೊದಲಿಗೆತ್ತಿದ ಪ್ರಶ್ನೆಯೂ ಇದೇ.

ನೆರೆಹೊರೆಯ ತಟ್ಟೆಗಳು

ಈ ಪ್ರಶ್ನೆಗೆ ನಮ್ಮ ನಾಡಿನ ನೆರೆಹೊರೆಯವರು ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟುಕೊಂಡಿದ್ದಾರೆ. ಯುಗಾದಿಯಂದು ಬೇವಿನೊಡನೆ ಬೆಲ್ಲ, ಸಂಕ್ರಾಂತಿಗೆ ಕುಸುರೆಳ್ಳು, ನಾಗರಪಂಚಮಿಗೆ ಶೇಂಗಾ, ಎಳ್ಳು, ಅಳ್ಳಿಟ್ಟಿನ ಬಗೆಬಗೆಯ ಉಂಡಿ, ಗೌರಿಹುಣ್ಣಿಮೆಗೆ ಸಕ್ಕರೆ ಗೊಂಬೆಗಳ ಆರತಿ. ಒಂದೊಂದಕ್ಕೂ ತನ್ನ ದಿನವಿದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಅಮೀನಗಡಕ್ಕೆ ಕೀರ್ತಿ ತಂದ ಕರದಂಟು ಎಂದರೆ ಕರಿದ ಅಂಟು. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆಗಳನ್ನು ತುಪ್ಪಬೆಲ್ಲದಲ್ಲಿ ಕೂಡಿಸಿದ ಅದು ಬಾಣಂತಿಗೆ ಬಲ ಕೊಡುವ ತಿನಿಸೆಂದೇ ಮನೆಮನೆಯಲ್ಲಿ ಮಾನ್ಯವಾಗಿತ್ತು. ಹೆತ್ತ ತಾಯಿಯ ಮೈ ಕಟ್ಟಲು ಒಂದು ಸಿಹಿ, ಹೊಸ ವರುಷಕ್ಕೆ ಕಹಿಯ ಜೊತೆಗೊಂದು ಸಿಹಿ, ಮನಸ್ತಾಪ ಮರೆಯಲು ಇನ್ನೊಂದು. ಕಾರಣವಿಲ್ಲದ ಸಿಹಿ ನಮ್ಮ ಹಿರಿಯರ ಮನೆಗಳಲ್ಲಿ ಅಪರೂಪವಾಗಿತ್ತು.

ಇಂದು ಸಿಹಿಗೆ ಕಾರಣ ಬೇಡ, ದಿನವೂ ಬೇಡ. ಚಹದಲ್ಲಿ, ಬಿಸ್ಕತ್ತಿನಲ್ಲಿ, ಬಾಟಲಿಯ ಪಾನೀಯದಲ್ಲಿ, ಮಗು ಅತ್ತಾಗ ಕೈಗೆ ತುರುಕುವ ಚಾಕೊಲೇಟಿನಲ್ಲಿ ಅದು ಬೆಳಗಿನಿಂದ ರಾತ್ರಿಯವರೆಗೆ ನಮ್ಮೊಡನಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಹೆಚ್ಚೆಂದು ಅಂದಾಜಿಸಿದೆ. ಈ ಕಾಯಿಲೆಗೆ ಕಾರಣ ಸಕ್ಕರೆಯೊಂದೇ ಅಲ್ಲವೆಂಬುದು ನಿಜ. ಆದರೂ ಹಬ್ಬದ ದಿನ ಹೋಳಿಗೆಯ ಮುಂದೆ ಕೈಕಟ್ಟಿ ಕೂರುವ ಅಜ್ಜ ಅಜ್ಜಿಯರಿಲ್ಲದ ಮನೆ ಇಂದು ವಿರಳ. ದಿನನಿತ್ಯ ಅರಿಯದೆ ತಿಂದ ಸಿಹಿಯು ಹಬ್ಬದ ಸಿಹಿಯನ್ನೇ ಕಸಿದುಕೊಂಡಿದೆ.

ಬೇಡವೆನ್ನಲಾರದವರು

ಈ ವಿಷಯದಲ್ಲಿ ಸ್ವೀಡನ್ ಇನ್ನೊಂದು ಪಾಠವನ್ನೂ ಕಲಿತಿತು. ಅದು ಅತ್ಯಂತ ಕಹಿಯಾದ ಪಾಠ. ಲುಂಡ್ ನಗರದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ನೂರಾರು ಜನರನ್ನು ಇರಿಸಲಾಗಿತ್ತು. 1945ರಿಂದ 1955ರವರೆಗೆ ಅಲ್ಲಿ ಹಲ್ಲು ಹುಳುಕಾಗುವ ಕಾರಣವನ್ನು ಹುಡುಕುವ ಪ್ರಯೋಗಗಳು ನಡೆದವು. ಹಲ್ಲಿಗೆ ಅಂಟಿಕೊಳ್ಳುವಂತೆ ವಿಶೇಷವಾಗಿ ಮಾಡಿಸಿದ ಟಾಫಿಗಳನ್ನು ಊಟಗಳ ನಡುವೆ ಮತ್ತೆ ಮತ್ತೆ ಕೆಲವರಿಗೆ ತಿನ್ನಿಸಿದರು. ಅವರ ಹಲ್ಲುಗಳು ಹಾಳಾದವು. ಸಿಹಿ ಎಷ್ಟು ತಿಂದರೆಂಬುದಕ್ಕಿಂತ ಎಷ್ಟು ಸಲ, ಊಟದ ನಡುವೆ ಎಷ್ಟು ಹೊತ್ತು ಬಾಯಲ್ಲಿತ್ತು ಎಂಬುದೇ ಹೆಚ್ಚು ಹಾನಿಕರವೆಂಬುದು ತಿಳಿದುಬಂದಿತು. ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಮುಂದೆ ಅಲ್ಲಿನ ಆರೋಗ್ಯ ಅಧಿಕಾರಿಗಳು ಮಕ್ಕಳಿಗೆ ವಾರಕ್ಕೊಮ್ಮೆ ಸಿಹಿ ಸಾಕೆಂದು ಸಾರಿದರು. ‘ಶನಿವಾರದ ಸಿಹಿ’ ಎಂಬ ಪದ್ಧತಿ ಬೇರೂರಿದ್ದು ಹೀಗೆ. ಇಂದಿಗೂ ಅಲ್ಲಿನ ಅನೇಕ ಮನೆಗಳಲ್ಲಿ ಮಕ್ಕಳು ಮಿಠಾಯಿಗಾಗಿ ಶನಿವಾರದ ದಾರಿ ಕಾಯುತ್ತಾರೆ.

ಸಿಹಿಗೆ ಒಂದು ದಿನ ಬೇಕೆಂದು ಉಪವಾಸದ ಪಂಚಾಂಗ ಶತಮಾನಗಳಿಂದ ಹೇಳಿಕೊಡುತ್ತಿದ್ದ ಮಾತನ್ನೇ ವಿಜ್ಞಾನ ಬಳಸುದಾರಿಯಲ್ಲಿ ಬಂದು ಹೇಳಿತು. ಆದರೆ ಅದಕ್ಕೆ ಬೆಲೆ ತೆತ್ತವರು ಯಾರು? ಒಪ್ಪಿಗೆ ಕೇಳಿದರೆ ಉತ್ತರಿಸಲಾರದವರು, ಬೇಡವೆನ್ನಲಾರದವರು. ಮನುಷ್ಯನನ್ನು ಎಂದಿಗೂ ಬರಿಯ ಸಾಧನವನ್ನಾಗಿ ಬಳಸಕೂಡದೆಂದು ತತ್ತ್ವಜ್ಞಾನಿ ಕಾಂಟ್ ವಿಧಿಸಿದ ನಿಯಮ ಅಲ್ಲಿ ಮಣ್ಣುಪಾಲಾಯಿತು. ದೇವರ ಪ್ರತಿರೂಪವೇ ಮನುಷ್ಯನೆಂದು ನಂಬುವ ನಮಗೆ ಅದು ಮತ್ತಷ್ಟು ಘೋರವಾಗಿ ಕಾಣಬೇಕು.

ಅಲ್ಲಿಂದ ದೃಷ್ಟಿಯನ್ನು ನಮ್ಮ ಹೊಲಗಳಿಗೆ ತಿರುಗಿಸೋಣ. ನೂರು ಕಿಲೋ ಸಕ್ಕರೆ ಸಿದ್ಧವಾಗಲು ಸರಿಸುಮಾರು ಒಂದು ಟನ್ ಕಬ್ಬು ಬೇಕು. ಆ ಕಬ್ಬನ್ನು ಕಡಿಯುವವರು ಯಾರು? ಹಂಗಾಮು ಬರುತ್ತಲೇ ಮಹಾರಾಷ್ಟ್ರದ ಬೀಡ ಮೊದಲಾದ ಬರದ ಸೀಮೆಗಳಿಂದಲೂ ನಮ್ಮದೇ ನಾಡಿನ ಒಣ ತಾಲ್ಲೂಕುಗಳಿಂದಲೂ ಗ್ಯಾಂಗು ಕಟ್ಟಿಕೊಂಡು ಬರುವ ಗಂಡಹೆಂಡಿರು. ಮುಂಗಡ ಹಣದ ಋಣ ಅವರ ಬೆನ್ನಿಗಿರುತ್ತದೆ. ಹೊಲದ ಬದಿಯ ಜೋಪಡಿಯೇ ಅವರಿಗೆ ಮನೆ. ನಸುಕಿನ ಚಳಿಯಲ್ಲಿ ತಾಯಿ ಕಬ್ಬು ಕಡಿಯುವಾಗ ಕೂಸು ರವುದಿಯ ಮೇಲೆ ಮಲಗಿರುತ್ತದೆ. ದೊಡ್ಡ ಮಕ್ಕಳ ಶಾಲೆ ಆರು ತಿಂಗಳು ತಪ್ಪುತ್ತದೆ. ಇನ್ನು ಬೆಳೆದ ರೈತನ ಪಾಡಾದರೂ ಹಗುರವೇ? 2025ರ ನವೆಂಬರಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಬೆಳೆಗಾರರು ನ್ಯಾಯವಾದ ದರಕ್ಕಾಗಿ ಬೀದಿಗಿಳಿದದ್ದನ್ನು ನಾವೆಲ್ಲ ಬಲ್ಲೆವು. ನಮ್ಮ ಕುಸ್ವಾರಿನ ತಟ್ಟೆಯಲ್ಲಿರುವ ಸಕ್ಕರೆಯಲ್ಲಿ ಇವರೆಲ್ಲರ ಬೆವರಿದೆ. ಮುಂಗಡದ ಋಣ ಹೊತ್ತ ಕೈಗಳೂ ಬೇಡವೆನ್ನಲಾರವು. ಹಬ್ಬದ ತಟ್ಟೆ ಎಲ್ಲ ಮನೆಗಳನ್ನು ಸುತ್ತಿ ಈ ಜೋಪಡಿಯನ್ನು ಮಾತ್ರ ದಾಟಿಹೋದರೆ ಅದಕ್ಕೆ ಹಬ್ಬದ ತಟ್ಟೆಯೆಂಬ ಹೆಸರು ಸಲ್ಲುವುದೇ?

ಕಬ್ಬಿನ ಕೋಲು ಮಕ್ಕಳ ಕೈಗೆ

ಕರಾವಳಿಯ ಒಂದು ಆಚರಣೆ ಇಲ್ಲಿ ನೆನಪಾಗುತ್ತದೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವವನ್ನು ಮಂಗಳೂರಿನ ಕಥೋಲಿಕರು ‘ಮೊಂತಿ ಫೆಸ್ತ್’ ಎಂದು ಕೊಂಡಾಡುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಗೋವೆಯ ಗುರು ಜೋಕಿಂ ಮಿರಾಂದಾ ಅವರು ಇದನ್ನು ಆರಂಭಿಸಿದರೆಂಬುದು ಪರಂಪರೆ. ಒಂಬತ್ತು ದಿನ ಮಕ್ಕಳು ಹೂವು ತಂದು ಅಮ್ಮನವರ ಪಾದಕ್ಕೆ ಅರ್ಪಿಸುತ್ತಾರೆ. ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಇಡೀ ಮನೆಯವರು ಕೂಡಿ ಕುಳಿತು ಸ್ವೀಕರಿಸುತ್ತಾರೆ. ಅಂದಿನ ಊಟ ಸಸ್ಯಾಹಾರ. ಬಲಿಪೂಜೆ ಮುಗಿದ ಮೇಲೆ ಹೂವು ತಂದ ಮಕ್ಕಳ ಕೈಗೆ ಒಂದೊಂದು ಕಬ್ಬಿನ ಕೋಲನ್ನು ಕೊಡುವುದು ಅಲ್ಲಿನ ವಾಡಿಕೆ. ಕಬ್ಬು ಹೆಚ್ಚಾಗಿ ಬೆಳೆಯದ ಊರುಗಳಲ್ಲಿ ಕಬ್ಬು ಪ್ರಸಾದದಷ್ಟೇ ಪ್ರಿಯವಾಗುತ್ತದೆ. ಕಬ್ಬಿನ ಮಧ್ಯೆಯೇ ಇರುವ ನಮಗೆ ಅದು ಬರಿಯ ಟನ್ನಿನ ಲೆಕ್ಕವಾಗಿದೆ. ಅದೇ ಕೋಲು, ಬೇರೆ ಕಣ್ಣು.

ಆಗಮನಕಾಲದಲ್ಲಿ ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಸುಲಭದ ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ. ಆಗಮನಕಾಲದ ಬುಧವಾರ, ಶುಕ್ರವಾರಗಳಂದು ಮನೆಯಲ್ಲಿ ಎಲ್ಲರೂ, ಹಿರಿಯರು ಮೊದಲಾಗಿ, ಸಿಹಿಯನ್ನು ಬಿಡೋಣ. ಚಹಕ್ಕೆ ಸಕ್ಕರೆ ಹಾಕದ ಆ ಎರಡು ದಿನಗಳ ಉಳಿತಾಯ ಅಲ್ಪವೇ ಇರಬಹುದು, ಆದರೆ ಕ್ರಿಸ್ತಜಯಂತಿಯ ಮೊದಲ ತುತ್ತು ಬಾಯಿಗೆ ಬಂದಾಗ ಅದರ ಬೆಲೆ ತಿಳಿಯುತ್ತದೆ. ಪೇಟೆಯ ಡಬ್ಬಿಗಳಿಗೆ ಪೂರ್ತಿ ಶರಣಾಗದೆ ಒಂದು ತಿಂಡಿಯನ್ನಾದರೂ, ಅದು ಕೊಕ್ಕಿಸಾಂ ಇರಲಿ, ಕರ್ಚಿಕಾಯಿ ಇರಲಿ, ಮಕ್ಕಳನ್ನು ಕೂಡಿಸಿಕೊಂಡು ಮನೆಯಲ್ಲೇ ಮಾಡೋಣ. ಗಂಡುಮಕ್ಕಳೂ ಒಲೆಯ ಮುಂದೆ ಬರಲಿ. ಹಿಟ್ಟು ಒತ್ತುವ ಹೊತ್ತಿನಲ್ಲಿ ಲೂಸಿಯಳ ಕಥೆಯನ್ನು, ಬೆತ್ಲೆಹೇಮಿನ ಕಥೆಯನ್ನು ಹೇಳೋಣ. ತಿಂಡಿಯೂ ಕಾರಣವೂ ಜೊತೆಯಾಗಿ ಮುಂದಿನ ಪೀಳಿಗೆಗೆ ಹೋಗಲಿ. ಒಂದನ್ನು ಬಿಟ್ಟು ಒಂದನ್ನು ಕಳುಹಿಸಿದರೆ ಏನಾಗುತ್ತದೆಂಬುದನ್ನು ಸ್ವೀಡನ್ನಿನ ವಾಫೆಲ್ ದಿನ ನಮಗೆ ತೋರಿಸಿಕೊಟ್ಟಿದೆ.

ತಟ್ಟೆ ಹೊರಡುವಾಗ ಮೊದಲ ತಟ್ಟೆ ನೆರೆಮನೆಗೆ ಹೋಗಲಿ, ಆ ಮನೆ ಯಾವ ಮತದ್ದಾದರೂ ಸರಿ. ಅವರ ಪಂಚಮಿಯ ಉಂಡಿ ನಮ್ಮ ಮನೆಗೆ ಬಂದಿದೆಯಲ್ಲವೇ? ಎರಡನೆಯದು ಸಿಹಿ ತಿನ್ನಲಾಗದ ಹಿರಿಯರಿಗೆ: ಅವರಿಗಾಗಿ ಚಕ್ಕುಲಿ, ಕಡಲೆಕಾಳು ಇರಿಸಿ, ತಟ್ಟೆಯೊಡನೆ ನಾವೂ ಹೋಗಿ ಅರ್ಧ ತಾಸು ಕುಳಿತು ಮಾತನಾಡೋಣ. ಮೂರನೆಯದು ಕಬ್ಬಿನ ಹೊಲದ ಬದಿಯ ಜೋಪಡಿಗೆ. ಅದನ್ನು ದಾನವೆಂದು ಒಯ್ಯಬಾರದು. ಅವರ ಕೈಯಿಂದ ಬಂದದ್ದನ್ನು ಅವರಿಗೇ ಹಿಂದಿರುಗಿಸುತ್ತಿದ್ದೇವೆಂಬ ವಿನಯದಿಂದ ಒಯ್ಯಬೇಕು. ಆ ಮಕ್ಕಳ ಹೆಸರು ಕೇಳಿ, ಅವರ ಶಾಲೆಯ ಬಗ್ಗೆ ವಿಚಾರಿಸಿ, ಊರಿನ ಶಾಲೆಯಲ್ಲಿ ಹಂಗಾಮು ಮುಗಿಯುವವರೆಗಾದರೂ ಕುಳ್ಳಿರಿಸಲು ಸಾಧ್ಯವೇ ಎಂದು ಶಿಕ್ಷಕರನ್ನು ಕಂಡು ಮಾತನಾಡಿದರೆ ಆ ತಟ್ಟೆ ತುಂಬಿತು.

ಬೆತ್ಲೆಹೇಮಿನ ಗೋದಲಿಯಲ್ಲಿ ಮಲಗಿದ ಕಂದನಿಗೂ ಊರಿನೊಳಗೆ ಸ್ಥಳ ಸಿಕ್ಕಿರಲಿಲ್ಲ. ಮೊದಲು ಆ ವಾರ್ತೆ ಮುಟ್ಟಿದ್ದು ರಾತ್ರಿ ಹೊಲದಲ್ಲಿ ಉಳಿದವರಿಗೆ, ಕುರಿ ಕಾಯುವವರಿಗೆ. ಈ ವರ್ಷದ ಹಬ್ಬದ ಸಿಹಿಯೂ ಅದೇ ದಾರಿಯಲ್ಲಿ, ಮೊದಲು ಹೊಲದವರ ಕಡೆಗೆ ಸಾಗಲಿ. ದಿನವರಿತು ಬಂದ ಸಿಹಿ ನಾಲಿಗೆಯನ್ನು ತಣಿಸುತ್ತದೆ, ಪಾಲಾಗಿ ಹಂಚಿದ ಸಿಹಿ ಮನೆಗಳನ್ನು ಬೆಸೆಯುತ್ತದೆ. ಓದುಗರೆಲ್ಲರಿಗೂ ಸಂಯಮದ ಆಗಮನಕಾಲವನ್ನೂ ಸವಿಯಾದ ಕ್ರಿಸ್ತಜಯಂತಿಯನ್ನೂ ಹಾರೈಸುತ್ತೇವೆ.